ನನ್ನ ಮೆಚ್ಚಿನ ನಟ ಸಾಬು

ಮೆಚ್ಚಿನ ನಟ ಯಾರು ಅಂತ ಕೇಳಿದರೆ ನಮ್ಮ ಕ್ಲಾಸಿನಲ್ಲಿ ಕೆಲವರು ಪುನೀತ್ ಅಂತಾರ, ಕೆಲವರು ಯಶ್ ಅಂತಾರ. ನಾನು ಸಾಬು ಅಂದೆ. “ಅಂವ ಯಾರಲೇ?” ಅಂತ ಎಲ್ಲಾರೂ ನಕ್ಕರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಾಬು ಹಾಲಿವುಡ್ ನಟ, ಆದರೆ ನಮ್ಮ ಕರ್ನಾಟಕದವನು. 1924ರ ಜನವರಿ 27ರಂದು ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದನು. ತಂದೆ ಮಹಾರಾಜರ ಆನೆಯ ಮಾವುತ. ತಂದೆ-ತಾಯಿ ಬೇಗನೆ ತೀರಿಕೊಂಡರು. ಹುಡುಗ ಆನೆ ಲಾಯದಲ್ಲೇ ಬೆಳೆದನು.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕರು ಸಿನಿಮಾ ತೆಗೆಯಲು ಮೈಸೂರಿಗೆ ಬಂದರು. ಮಾವುತನ ಮಗನ ಪಾತ್ರಕ್ಕೆ ಹುಡುಗ ಬೇಕಾಗಿತ್ತು. ಸಾಬು ಸಿಕ್ಕನು. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಗೆ ಬಂತು. ಅದರಲ್ಲಿ ಅವನ ಜೋಡಿ ನಟಿಸಿದ ಆನೆಯ ಹೆಸರು ಐರಾವತ.

ಈ ಸಿನಿಮಾ ನಾನು ದೀಪಾವಳಿ ಸೂಟಿಯಲ್ಲಿ ಕಾಕಾನ ಮೊಬೈಲಿನಲ್ಲಿ ನೋಡಿದೆ. ಬಾಜೂಕ ಮುತ್ಯಾ ಕುಂತಿದ್ದ. ನಮ್ಮ ಚಡಚಣದ ಕಡೆ ಆನೆ ಎಲ್ಲಿ ಬರಬೇಕು! ಆದರೂ ಮುತ್ಯಾ ಕಣ್ಣು ತೆಗೆಯದೆ ನೋಡಿದ. ಇಂಗ್ಲೀಷು ಒಂದಕ್ಷರ ತಿಳಿಯದಿದ್ದರೂ, “ಇಂವ ನಟನಾ ಮಾಡಾಕತ್ತಿಲ್ಲಪಾ, ತನ್ನ ಮನಿ ಕೆಲಸಾ ಮಾಡಾಕತ್ತಾನ” ಅಂದ.

ಮುತ್ಯಾನ ಮಾತು ಖರೆ. ಸಾಬುಗೆ ಯಾರೂ ನಟನೆ ಕಲಿಸಿರಲಿಲ್ಲ. ಆನೆ ಸಾಕುವ ವಿದ್ಯೆಯೇ ಅವನನ್ನು ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಕರೆದೊಯ್ದಿತು. ‘ದಿ ಥೀಫ್ ಆಫ್ ಬಾಗ್ದಾದ್’ (1940) ಚಿತ್ರದಲ್ಲಿ ಶೀಶೆಯೊಳಗಿನ ಭೂತವನ್ನು ಅವನು ಮೋಸ ಮಾಡಿ ಮತ್ತೆ ಶೀಶೆಗೆ ಹೊಗಿಸುವಾಗ ನಮ್ಮ ತಂಗಿ ಚಪ್ಪಾಳೆ ಹೊಡೆದಳು. ಆ ಚಿತ್ರಕ್ಕೆ 3 ಆಸ್ಕರ್ ಬಂದವು. ‘ಜಂಗಲ್ ಬುಕ್’ನಲ್ಲಿ (1942) ಅವನೇ ಮೌಗ್ಲಿ. 1944ರಲ್ಲಿ ಅಮೆರಿಕದ ಪೌರನಾದನು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಬಾಲದ ಕಡೆ ಕುಂತು ಗುಂಡು ಹಾರಿಸುವ ಸಿಪಾಯಿಯಾಗಿ ಶೌರ್ಯ ಪದಕ ಪಡೆದನು.

ಆದರೆ ನನಗೆ ಒಂದು ಕೆಟ್ಟೆನಿಸುತ್ತದೆ. ಅಷ್ಟು ದೊಡ್ಡ ಹಾಲಿವುಡ್ ಅವನಿಗೆ ಹೆಚ್ಚಾಗಿ ಕಾಡು, ಆನೆ, ಹುಲಿ, ರುಮಾಲು ಇವನ್ನೇ ಕೊಟ್ಟಿತು. ಮೆಹಬೂಬ್ ಖಾನ್ ಅವರು ‘ಮದರ್ ಇಂಡಿಯಾ’ (1957) ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಅವನನ್ನು ಆರಿಸಿದ್ದರು. ಇಲ್ಲಿ ಕೆಲಸ ಮಾಡಲು ಪರವಾನಗಿ ಸಿಗಲಿಲ್ಲ. ಪಾತ್ರ ಸುನೀಲ್ ದತ್ ಅವರಿಗೆ ಹೋಯಿತು. ಭಾರತದ ಒಂದು ಚಿತ್ರದಲ್ಲೂ ಸಾಬು ನಟಿಸಲಿಲ್ಲ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಬರೀ 39 ವರ್ಷ.

ನಮ್ಮ ಮನೆಯಲ್ಲಿ ಕುರಿ ಅದಾವ. ರವಿವಾರ ನಾನೇ ಕಾಯ್ತೀನಿ. ಓದು ಬರದವನಿಗೆ “ಕುರಿ ಕಾಯಾಕ ಹೋಗು” ಅಂತ ದೊಡ್ಡವರು ಬೈತಾರ. ಕುರಿ ಕಾಯುವುದು ಬೈಗುಳ ಹೆಂಗ ಆಗ್ತದ? ಯಾವ ಕುರಿಗೆ ಜಡ್ಡು, ಯಾವುದು ಇವತ್ತು ಈಯುತ್ತದೆ ಅಂತ ಅಪ್ಪ ದೂರದಿಂದಲೇ ಹೇಳ್ತಾನ. ಅದೂ ಒಂದು ವಿದ್ಯೆ. ಸಾಬುನ ಕಥೆ ಓದಿದ ಮೇಲೆ ನನಗೆ ಇದು ಗಟ್ಟಿಯಾಯಿತು.

ಇನ್ನೊಂದೂ ತಿಳಿಯಿತು. ಮನೆಯ ವಿದ್ಯೆ ಒಂದೇ ಇದ್ದರೆ ಜಗತ್ತು ನಮಗೆ ಅದೇ ವೇಷ ಹಾಕಿ ನಿಲ್ಲಿಸುತ್ತದೆ. ಆದ್ದರಿಂದ ಗೆಳೆಯರೆ, ಕುರಿಯನ್ನೂ ಕಾಯೋಣ, ಶಾಲೆಯನ್ನೂ ಬಿಡದಿರೋಣ. ಯಾವ ಪಾತ್ರ ಬೇಕು ಅಂತ ನಾವೇ ಹೇಳುವಷ್ಟು ಕಲಿಯೋಣ.