ಕತ್ರಿಗುಪ್ಪೆಯಲ್ಲೊಂದು ಕಡಲು

ಕಡಲನ್ನು ಕಾಣದ ಊರಿನಲ್ಲಿ ಕಡಲಿನ ಮೀನನ್ನು ಸಾಕುವೆನೆಂದರೆ ಕೇಳಿದವರು ನಗುವುದು ಸಹಜವೇ. ನಮ್ಮ ಕತ್ರಿಗುಪ್ಪೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವುದು. ಮಂಗಳೂರಿನ ತೀರವನ್ನು ಮುಟ್ಟಬೇಕಾದರೆ ಘಟ್ಟವನ್ನಿಳಿದು ಸುಮಾರು 350 ಕಿಲೋಮೀಟರು ಹೋಗಬೇಕು. ಹಿಂದೆ ಬೆಂಗಳೂರಿನ ಹೊರಗಿನ ಹಳ್ಳಿಯಾಗಿದ್ದು, ಈಗ ಬನಶಂಕರಿ ಮೂರನೆಯ ಹಂತದೊಡನೆ ಬೆರೆತುಹೋಗಿರುವ ಈ ಭಾಗದಲ್ಲಿ ನೀರೆಂದರೆ ಕೊಳವೆಬಾವಿಯದು, ಇಲ್ಲವೆ ಕಾವೇರಿಯದು. ಉಪ್ಪುನೀರೆಂಬುದು ಉಪ್ಪಿನಕಾಯಿಯ ಜಾಡಿಯಲ್ಲಿ ಮಾತ್ರ.

ಆದರೂ ಎರಡು ವರುಷಗಳ ಹಿಂದೆ ನಾನು ಈ ಕಾರ್ಯಕ್ಕೆ ಕೈಯಿಕ್ಕಬೇಕಾಯಿತು. ನಮ್ಮ ಮನೆಯಿಂದ ಮೂರು ಬೀದಿಗಳಾಚೆ ವಾಸವಾಗಿದ್ದ ಒಬ್ಬ ಹಿರಿಯ ತಾಯಿಯವರು ಎಂಟು ವರುಷಗಳಿಂದ ಎರಡು ವಿದೂಷಕ ಮೀನುಗಳನ್ನು ಸಾಕಿಕೊಂಡಿದ್ದರು. ಕಿತ್ತಳೆ ಬಣ್ಣದ ಮೈ, ಅದರ ಮೇಲೆ ಮೂರು ಬಿಳಿಯ ಪಟ್ಟೆ. ಈ ಜಾತಿಯನ್ನು ಚಿತ್ರಗಳಲ್ಲಿ ನೋಡದ ಮಕ್ಕಳಿಲ್ಲ. ಜನವರಿಯ ಕೊನೆಗೆ ಅವರು ಧಾರವಾಡದಲ್ಲಿರುವ ಮಗಳ ಮನೆಗೆ ಹೋಗಿ ನೆಲಸುವವರಿದ್ದರು. ಅವರ ತೊಟ್ಟಿಯು ಹಳೆಯದಾಗಿ ಗಾಜಿನ ಅಂಟು ಸಡಿಲವಾಗಿತ್ತು, ಅದನ್ನು ಅಲುಗಿಸುವಂತಿರಲಿಲ್ಲ. ಡಿಸೆಂಬರಿನ ಮೊದಲ ವಾರದಲ್ಲಿ ಅವರು ನನ್ನನ್ನು ಕರೆದು, ಈ ಜೀವಗಳನ್ನು ನೀನು ಇಟ್ಟುಕೊಳ್ಳುವೆಯಾ ಎಂದು ಕೇಳಿದರು. ನಾನು ಒಪ್ಪಿದೊಡನೆಯೇ ಒಂದು ಕಟ್ಟಳೆಯನ್ನೂ ಹಾಕಿದರು: "ತೊಟ್ಟಿ ಕೊಂಡ ದಿನ ಮೀನು ಕೊಡಲಾರೆ. ಮೊದಲು ನೀರಿಗೆ ಜೀವ ಬರಲಿ."

ನೀರಿಗೆ ಜೀವ ಬರುವುದೆಂದರೇನು? ಇದನ್ನು ತಿಳಿಯದೆ ಸತ್ತ ಮೀನುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಮೀನು ಉಸಿರಾಡುವಾಗ ಅದರ ಕಿವಿರುಗಳಿಂದ ಅಮೋನಿಯವು ಹೊರಬೀಳುವುದು. ತಿಂದುಳಿದ ಆಹಾರವು ಕೊಳೆತರೂ ಅದೇ ಹುಟ್ಟುವುದು. ವಿಶಾಲವಾದ ಸಮುದ್ರದಲ್ಲಿ ಅದು ಕರಗಿಹೋಗುವುದು. ಮೂರಡಿ ಗಾಜಿನೊಳಗೆ ಹೋಗಲು ದಾರಿಯೆಲ್ಲಿ? ಸಿಹಿನೀರಿನ ತೊಟ್ಟಿಗಿಂತ ಉಪ್ಪುನೀರಿನದರಲ್ಲಿ ಈ ಭಯವು ಹೆಚ್ಚು. ಸಮುದ್ರದ ನೀರು ಕ್ಷಾರಗುಣವುಳ್ಳದ್ದು, ಪಿಎಚ್ 8.2ರ ಆಸುಪಾಸು. ಪಿಎಚ್ 7ರಲ್ಲಿ ಎಷ್ಟು ಅಮೋನಿಯವು ವಿಷರೂಪದಲ್ಲಿರುವುದೋ, ಅಷ್ಟೇ ಅಮೋನಿಯದಲ್ಲಿ ಇಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ವಿಷವಾಗುವುದು.

ಇದಕ್ಕೆ ಪರಿಹಾರವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಲ್ಲಿದೆ. ಒಂದು ಬಗೆಯವು ಅಮೋನಿಯವನ್ನು ತಿಂದು ನೈಟ್ರೈಟ್ ಮಾಡುವುವು. ಮತ್ತೊಂದು ಬಗೆಯವು ನೈಟ್ರೈಟನ್ನು ತಿಂದು ನೈಟ್ರೇಟ್ ಮಾಡುವುವು. ನೈಟ್ರೇಟು ಮಿತಿಯಲ್ಲಿದ್ದರೆ ಮೀನಿಗೆ ಬಾಧಕವಲ್ಲ. ನೀರನ್ನು ಆಗಾಗ ಬದಲಿಸಿ ಅದನ್ನು ತೆಗೆದುಹಾಕಬಹುದು. ನೆಲದೊಳಗೆ ಈ ಕೆಲಸವನ್ನು ಮಾಡುವ ಜೀವಿಗಳನ್ನು 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿಯವರು ಬೇರ್ಪಡಿಸಿ ತೋರಿಸಿದರು. ಅದೇ ಕಾಲಕ್ಕೆ ಬ್ರಿಟನ್ನಿನಲ್ಲಿ ಪರ್ಸಿ ಫ್ರಾಂಕ್‌ಲಂಡ್ ಮತ್ತು ಅವರ ಪತ್ನಿ ಗ್ರೇಸ್ ಫ್ರಾಂಕ್‌ಲಂಡ್ ಇಬ್ಬರೂ ಕೂಡಿ ಇದೇ ವಿಷಯದ ಮೇಲೆ ಪ್ರಬಂಧವನ್ನು ಪ್ರಕಟಿಸಿದರು. ಮೀನಿನ ತೊಟ್ಟಿಗಳಲ್ಲಿ ಎರಡನೆಯ ಕೆಲಸವನ್ನು ಮುಖ್ಯವಾಗಿ ಮಾಡುವುದು ಬಹುಕಾಲ ನಂಬಿದ್ದ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರವೆಂಬುದು 1990ರ ದಶಕದ ಕೊನೆಗೆ ತಿಳಿದುಬಂದಿತು. ಈ ಜೀವಿಗಳು ನಿಧಾನವಾಗಿ ವೃದ್ಧಿಯಾಗತಕ್ಕವು. ಹಾಲನ್ನು ಮೊಸರಾಗಿಸುವ ಜೀವಿಗಳಿಗೆ ಒಂದು ರಾತ್ರಿ ಸಾಕು. ಇವಕ್ಕೆ ನಾಲ್ಕರಿಂದ ಆರು ವಾರಗಳು ಬೇಕು. ನನಗಿದ್ದ ಅವಧಿಯು ಎಂಟು ವಾರವೂ ಇರಲಿಲ್ಲ.

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನು ತರಿಸಿದೆನು. ತುಂಬಿದಾಗ ಅದರ ತೂಕವು 200 ಕಿಲೋಗ್ರಾಮನ್ನು ಮೀರುವುದರಿಂದ ಕಬ್ಬಿಣದ ಪೀಠವನ್ನು ಮಾಡಿಸಿ, ಬಿಸಿಲು ತಾಗದ ಗೋಡೆಗೆ ಇರಿಸಿದ್ದಾಯಿತು. ಹವಳದ ಕಲ್ಲನ್ನು ತರಿಸಿಕೊಳ್ಳಿರೆಂದು ಒಬ್ಬ ವ್ಯಾಪಾರಿಯು ಹೇಳಿದನು. ನಮ್ಮ ದೇಶದಲ್ಲಿ ಗಟ್ಟಿ ಹವಳಗಳೂ ಸಮುದ್ರಕುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ 2001ರಲ್ಲಿಯೇ ಸೇರಿವೆ. ಅವನ್ನು ಕಡಲಿನಿಂದ ಕಿತ್ತು ಮನೆಗೆ ತರುವುದು ಅಪರಾಧ. ಕೈಯಿಂದ ಮಾಡಿದ ರಂಧ್ರಗಳುಳ್ಳ ಕಲ್ಲುಗಳೇ ನನಗೆ ಸಾಕಾದವು. ಸೂಕ್ಷ್ಮಜೀವಿಗಳಿಗೆ ಬೇಕಾದುದು ಅಂಟಿಕೊಳ್ಳಲು ತಾವು; ಅದು ಯಾವ ಕುಲದ ಕಲ್ಲೆಂದು ಅವು ಕೇಳವು.

ನೀರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೊಳವೆಬಾವಿಯ ಗಡಸು ನೀರು ಈ ಕೆಲಸಕ್ಕೆ ಬಾರದು. ಕಾವೇರಿಯ ನೀರಿನಲ್ಲಿರುವ ಕ್ಲೋರಿನ್ನು ನಮಗೆ ಹಿತವಾದರೂ ಆ ಸೂಕ್ಷ್ಮಜೀವಿಗಳಿಗೆ ಮೃತ್ಯು. ಆದುದರಿಂದ ಕುಡಿಯುವ ನೀರನ್ನು ಶೋಧಿಸುವ ಯಂತ್ರದಿಂದ ಬಂದುದನ್ನೇ ಬಿಂದಿಗೆ ಬಿಂದಿಗೆಯಾಗಿ ನಾಲ್ಕು ದಿನ ಕೂಡಿಟ್ಟೆನು. ಅಡಿಗೆಯ ಉಪ್ಪು ಹಾಕಿದರೆ ಸಮುದ್ರವಾಗದು. ಸಮುದ್ರದಲ್ಲಿ ಮೆಗ್ನೀಸಿಯಂ, ಸುಣ್ಣ, ಪೊಟ್ಯಾಸಿಯಂ, ಗಂಧಕದ ಲವಣಗಳೂ ಇವೆ. ಅವೆಲ್ಲವನ್ನೂ ಬೆರೆಸಿ ಮಾರುವ ಲವಣವನ್ನು ಲೀಟರಿಗೆ ಸುಮಾರು 35 ಗ್ರಾಮಿನಂತೆ ಕರಗಿಸಬೇಕು. ಕಲ್ಲುಗಳು ಹಿಡಿದ ಜಾಗವನ್ನು ಕಳೆದರೆ ನನ್ನ ತೊಟ್ಟಿಗೆ 160 ಲೀಟರು ನೀರು, ಸುಮಾರು ಆರು ಕಿಲೋ ಲವಣ ಬೇಕಾಯಿತು. ಸಾಪೇಕ್ಷ ಸಾಂದ್ರತೆಯು 1.025 ಎಂದು ಮಾಪಕವು ತೋರಿಸಿತು. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, 500 ಮೀಟರು ಎತ್ತರ ಏರಿಸಿ ನಮ್ಮ ಊರಿಗೆ ತರುತ್ತಾರೆ. ಪೂರ್ವಸಮುದ್ರಕ್ಕೆ ಹೋಗಬೇಕಾದ ಆ ಮಹಾನದಿಯು ದಾರಿ ತಪ್ಪಿ ಬಂದರೂ ನಮ್ಮ ನಡುಮನೆಯಲ್ಲಿ ಸಮುದ್ರವೇ ಆಯಿತಲ್ಲಾ ಎಂದು ನಮ್ಮ ಅತ್ತೆಯವರು ಬೆರಗಾದರು.

ಮೀನಿಲ್ಲದ ತೊಟ್ಟಿಗೆ ಅಮೋನಿಯವನ್ನು ಎಲ್ಲಿಂದ ತರುವುದು? ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವನ್ನು ಹಿರಿಯರು ಬಲ್ಲರು. ಅದು ಅಮೋನಿಯದ ಲವಣವೇ. ಕಲಾಯಿಯವರ ನವಸಾಗರದಲ್ಲಿ ಬೇರೆ ಕಸವೂ ಇರಬಹುದಾದುದರಿಂದ ಪ್ರಯೋಗಶಾಲೆಯ ಶುದ್ಧವಾದುದನ್ನು ಒಂದು ಗ್ರಾಮು ತೂಗಿ ಹಾಕಿದೆನು. ಅಷ್ಟರಿಂದ ಲೀಟರಿಗೆ 2 ಮಿಲಿಗ್ರಾಮು ಅಮೋನಿಯವಾಯಿತು. ಚಳಿಗಾಲದ ರಾತ್ರಿಗಳಲ್ಲಿ ನಮ್ಮ ಊರು 15 ಡಿಗ್ರಿಯವರೆಗೂ ತಣಿಯುವುದರಿಂದ ವಿದ್ಯುತ್ ಶಾಖದಿಂದ ನೀರನ್ನು 26 ಡಿಗ್ರಿಯಲ್ಲಿ ನಿಲ್ಲಿಸಿದೆನು. ಆಮೇಲೆ ಮಾಡುವುದೇನೂ ಇಲ್ಲ. ಪ್ರತಿದಿನ ಸಾಯಂಕಾಲ ಐದು ಮಿಲಿಲೀಟರು ನೀರನ್ನು ಕೊಳವೆಗೆ ತೆಗೆದು, ಬಣ್ಣವನ್ನು ನೋಡಿ, ಪುಸ್ತಕದಲ್ಲಿ ಬರೆಯುವುದಷ್ಟೇ. ಬಂದವರೆಲ್ಲರೂ ಬರಿಯ ನೀರನ್ನು ನೋಡಿ, "ಮೀನೆಲ್ಲಿ?" ಎನ್ನುವರು. ಕೆಲವರು ಮರುಕದಿಂದ ನನ್ನನ್ನೂ ನೋಡುವರು.

ಒಂಬತ್ತನೆಯ ದಿನ ನೈಟ್ರೈಟ್ ಕಾಣಿಸಿಕೊಂಡಿತು. ಇಪ್ಪತ್ತೆರಡನೆಯ ದಿನದ ಹೊತ್ತಿಗೆ ಹಾಕಿದ ಅಮೋನಿಯವು ಒಂದೇ ದಿನದಲ್ಲಿ ಮಾಯವಾಗತೊಡಗಿತು. ಆದರೆ ನೈಟ್ರೈಟು ಮಾತ್ರ ಏರಿ ಅಲ್ಲಿಯೇ ನಿಂತುಬಿಟ್ಟಿತು. ಮೂವತ್ತು ದಿನ, ಮೂವತ್ತೈದು ದಿನ, ನಲವತ್ತು ದಿನ. ಕೊಳವೆಯಲ್ಲಿ ಅದೇ ಗಾಢವಾದ ನೇರಳೆ ಬಣ್ಣ. ಧಾರವಾಡದ ರೈಲಿಗೆ ಉಳಿದುದು ಹನ್ನೆರಡು ದಿನ. ಸಮುದ್ರದ ನೀರಿನಲ್ಲಿ ಕ್ಲೋರೈಡು ಹೇರಳವಾಗಿರುವುದರಿಂದ ನೈಟ್ರೈಟು ಸಿಹಿನೀರಿನಲ್ಲಿ ಕೊಲ್ಲುವಂತೆ ಇಲ್ಲಿ ಕೊಲ್ಲದೆಂಬುದು ನಿಜ. ಆದರೆ ಅರ್ಧ ಸಿದ್ಧವಾದ ಮನೆಗೆ ಎಂಟು ವರುಷದ ಜೀವಗಳನ್ನು ಒಯ್ಯಲು ನನ್ನ ಮನಸ್ಸು ಒಪ್ಪಲಿಲ್ಲ. ತಡವಾದರೆ ಅಂಗಡಿಗೆ ಕೊಟ್ಟುಬಿಡುವೆನೆಂದು ಆ ತಾಯಿಯವರು ಒಂದು ಸಲ ಮೆಲ್ಲಗೆ ಅಂದಿದ್ದರು. ಅಲ್ಲಿ ಅವನ್ನು ಜೋಡಿಯಾಗಿಯೇ ಮಾರುವರೆಂಬ ಭರವಸೆಯಿರಲಿಲ್ಲ.

ಹೆಪ್ಪಿಲ್ಲದೆ ಹಾಲು ಮೊಸರಾಗಲು ಬಹಳ ಹೊತ್ತು ಹಿಡಿಯುವುದನ್ನು ಅಡಿಗೆಮನೆಯಲ್ಲಿ ನಿಂತವರೆಲ್ಲರೂ ಬಲ್ಲರು. ಅವರ ಹಳೆಯ ತೊಟ್ಟಿಯ ಶೋಧಕದಲ್ಲಿ ಪಿಂಗಾಣಿಯ ಚೂರುಗಳಿದ್ದವು. ಎಂಟು ವರುಷಗಳಿಂದ ಅವುಗಳ ಮೇಲೆ ಈ ಜೀವಿಗಳು ನೆಲಸಿದ್ದವು. ಹಳೆಯ ನೀರನ್ನು ತಂದರೆ ಪ್ರಯೋಜನ ಕಡಮೆ; ಅವು ನೀರಿನಲ್ಲಿ ತೇಲುವುದಕ್ಕಿಂತ ಕಲ್ಲಿಗೆ ಅಂಟಿರುವುದೇ ಹೆಚ್ಚು. ಬೇರೆ ಯಾರದೋ ತೊಟ್ಟಿಯದಾಗಿದ್ದರೆ ಅದರೊಡನೆ ರೋಗವೂ ಬರಬಹುದಿತ್ತು. ಇಲ್ಲಿ ಬರಲಿರುವ ಮೀನುಗಳು ಆ ನೀರಿನವೇ ಆದುದರಿಂದ ಆ ಶಂಕೆಗೆ ಎಡೆಯಿರಲಿಲ್ಲ. ಅವರು ಅರ್ಧ ಚೂರುಗಳನ್ನು ಮಾತ್ರ ಕೊಟ್ಟರು. ಉಳಿದರ್ಧವು ಅಲ್ಲಿನ ಮೀನುಗಳಿಗೆ ಬೇಕಷ್ಟೆ. ನಲ್ಲಿಯ ನೀರು ಸೋಕಿಸದೆ, ಒಣಗಗೊಡದೆ, ಉಪ್ಪುನೀರಿನಲ್ಲಿಯೇ ಮುಳುಗಿಸಿ ಮನೆಗೆ ತಂದು ನನ್ನ ಶೋಧಕದಲ್ಲಿಟ್ಟೆನು. ಐದನೆಯ ದಿನ ಕೊಳವೆಯಲ್ಲಿ ನೇರಳೆಯಿರಲಿಲ್ಲ, ತಿಳಿನೀಲಿಯಿತ್ತು. ಮತ್ತೆ 2 ಮಿಲಿಗ್ರಾಮಿನಂತೆ ನವಸಾಗರ ಹಾಕಿ ನೋಡಿದೆನು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಮೋನಿಯವೂ ಇಲ್ಲ, ನೈಟ್ರೈಟೂ ಇಲ್ಲ. ಕೂಡಿಹೋಗಿದ್ದ ನೈಟ್ರೇಟನ್ನು ಕಳೆಯಲು ಅರ್ಧಕ್ಕೂ ಮಿಕ್ಕ ನೀರನ್ನು ಬದಲಿಸಿ, ಆ ತಾಯಿಯವರಿಗೆ ಹೇಳಿಕಳುಹಿಸಿದೆನು.

ಮುಚ್ಚಳವುಳ್ಳ ಬಕೀಟಿನಲ್ಲಿ ಮೀನುಗಳನ್ನು ಹಾಕಿಕೊಂಡು ಇಬ್ಬರೂ ನಡೆದೇ ಬಂದೆವು. ಹೊಂಡಗಳ ಮೇಲೆ ಕುಲುಕುವ ಆಟೋರಿಕ್ಷಾ ಬೇಡವೆಂದರು. ಎರಡು ತೊಟ್ಟಿಗಳ ಸಾಂದ್ರತೆಯೂ ಶಾಖವೂ ಒಂದೇ ಆಗಿದ್ದುದರಿಂದ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗಂಡುಮೀನು ಸಂಜೆಯೊಳಗೆ ಎಲ್ಲ ಮೂಲೆಗಳನ್ನೂ ನೋಡಿಬಂದಿತು. ದೊಡ್ಡದಾದ ಹೆಣ್ಣು ಮಾತ್ರ ಕಲ್ಲಿನ ಹಿಂದೆ ಸೇರಿ ಹೊರಗೆ ಬಾರದು, ಆಹಾರವನ್ನು ಮುಟ್ಟದು. ಈ ಜಾತಿಯಲ್ಲಿ ಹುಟ್ಟುವಾಗ ಎಲ್ಲವೂ ಗಂಡೇ; ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದಾದುದು ಹೆಣ್ಣಾಗಿ ಯಜಮಾನಿಕೆ ವಹಿಸುವುದು. ಯಜಮಾನಿಯೇ ಮುನಿಸಿಕೊಂಡರೆ ಮನೆಯ ಗತಿಯೇನು! ಬೆಳಿಗ್ಗೆ ಸಂಜೆ ನೀರನ್ನು ಪರೀಕ್ಷಿಸಿದೆನು; ಶೂನ್ಯ. ಉಸಿರಾಟವು ವೇಗವಾಗಿರಲಿಲ್ಲ, ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿಯ ಚುಕ್ಕೆಗಳಿರಲಿಲ್ಲ. ಔಷಧವನ್ನು ಸುರಿಯದೆ, ದೀಪವನ್ನು ತಗ್ಗಿಸಿ ಸುಮ್ಮನಿದ್ದೆವು.

ಬಿಳಿಯ ಚುಕ್ಕೆಗಳ ಮಾತು ಬಂದುದರಿಂದ, ಅಂಗಡಿಯಿಂದ ಮೀನು ತರುವವರಿಗೆ ಒಂದೆರಡು ಮಾತು. ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿಯಿಂದ ಆ ಚುಕ್ಕೆಗಳಾಗುವುವು. ಕೆಲವು ದಿನಗಳಲ್ಲಿ ಅವು ಉದುರಿದೊಡನೆ ರೋಗವು ಹೋಯಿತೆಂದು ಹಿಗ್ಗುವುದುಂಟು. ಉದುರಿದ ಜೀವಿಯು ಕಲ್ಲು ಮರಳಿಗೆ ಅಂಟಿ, ಕೋಶ ಕಟ್ಟಿ, ಒಂದು ನೂರಾಗಿ ಹೊರಟು ಮತ್ತೆ ಮೀನನ್ನು ಹುಡುಕುವುದು. ಔಷಧವಾದ ತಾಮ್ರವು ಸಿಗಡಿ ಶಂಖಗಳನ್ನೂ ಕೊಲ್ಲುವುದರಿಂದ ಅದನ್ನು ಮುಖ್ಯ ತೊಟ್ಟಿಗೆ ಹಾಕುವಂತಿಲ್ಲ. ಹೊಸ ಮೀನನ್ನು ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಟ್ಟು ನೋಡುವುದೇ ಮೇಲು. ಸಮುದ್ರದಿಂದ ಹಿಡಿದ ಮೀನಿಗಿಂತ ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದುದು ಒಳ್ಳೆಯದು. ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ಮಂಡಪಂನಲ್ಲಿ ವಿದೂಷಕ ಮೀನುಗಳ ಮರಿ ಮಾಡಿಸುತ್ತಾರೆ.

ಮೂರನೆಯ ರಾತ್ರಿ ಹತ್ತು ಗಂಟೆಗೆ ವಿದ್ಯುತ್ತು ಹೋಯಿತು. ಉಪ್ಪುನೀರಿನಲ್ಲಿ ಪ್ರಾಣವಾಯುವು ಕರಗುವುದೇ ಕಡಮೆ. ನಮ್ಮ ಎತ್ತರದಲ್ಲಿ ಗಾಳಿಯ ಒತ್ತಡವು ತೀರಕ್ಕಿಂತ ಹತ್ತರಲ್ಲೊಂದು ಪಾಲು ಕಡಮೆಯಾದುದರಿಂದ ಇನ್ನೂ ಕಡಮೆ. ಬ್ಯಾಟರಿಯ ಗಾಳಿಯಂತ್ರವು ಎರಡು ಗಂಟೆಯವರೆಗೆ ನಡೆದು ನಿಂತಿತು. ಆಮೇಲೆ ನಾನೂ ನನ್ನ ಅಕ್ಕನ ಮಗಳೂ ಸರದಿಯಲ್ಲಿ ಚೆಂಬಿನಿಂದ ನೀರನ್ನೆತ್ತಿ ಮೇಲಿನಿಂದ ಸುರಿಯುತ್ತ ಕುಳಿತೆವು. 1846ರಲ್ಲಿ ಆ್ಯನಾ ಥಿನ್ ಎಂಬ ಇಂಗ್ಲೆಂಡಿನ ಮಹಿಳೆಯು ಟಾರ್ಕಿಯ ಕಡಲ ತೀರದಿಂದ ಹವಳಗಳನ್ನು ಲಂಡನ್ನಿಗೆ ತಂದು ಸಾಕಿದಾಗ ಯಂತ್ರವೊಂದೂ ಇರಲಿಲ್ಲ. ತೆರೆದ ಕಿಟಕಿಯ ಮುಂದೆ ನಿಂತು ಮುಕ್ಕಾಲು ಗಂಟೆಯವರೆಗೂ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುವ ಕೆಲಸವು ಅವರ ಮನೆಯ ಚಿಕ್ಕ ಸೇವಕಿಯದಾಗಿತ್ತು. ಗ್ರಂಥಗಳಲ್ಲಿ ಒಡತಿಯ ಹೆಸರುಂಟು, ಆ ಹುಡುಗಿಯದು ಕಾಣದು. ತೋಳು ನೋಯುವಾಗ ನನಗೆ ನೆನಪಾದವಳು ಅವಳೇ. ನಾಲ್ಕೂವರೆಗೆ ದೀಪ ಬಂದಿತು.

ಮರುದಿನ ಮಧ್ಯಾಹ್ನ ಹೆಣ್ಣುಮೀನು ಕಲ್ಲಿನಿಂದ ಹೊರಬಂದು, ಗಂಡನ್ನು ಪಕ್ಕಕ್ಕೆ ನೂಕಿ, ಸಿಗಡಿಯ ಚೂರೊಂದನ್ನು ತಿಂದಿತು. ಎರಡು ದಿನಗಳ ತರುವಾಯ ಆ ತಾಯಿಯವರು ರೈಲು ಹತ್ತಿದರು.

ಈಗ ದಿನಚರಿಯು ಸರಳವಾಗಿದೆ. ಆವಿಯಾಗುವುದು ನೀರು ಮಾತ್ರ, ಲವಣವಲ್ಲ. ಆದುದರಿಂದ ಪ್ರತಿದಿನ ಇಳಿದಷ್ಟನ್ನು ಶುದ್ಧವಾದ ಸಿಹಿನೀರಿನಿಂದಲೇ ತುಂಬಬೇಕು. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ಉಪ್ಪುನೀರನ್ನು ಬದಲಿಸುವುದು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಕಳೆದ ಜುಲೈ ತಿಂಗಳಲ್ಲಿ ಹೆಣ್ಣು ಕಲ್ಲಿನ ಮೈಮೇಲೆ ಕಿತ್ತಳೆ ಬಣ್ಣದ ತತ್ತಿಗಳನ್ನಿಟ್ಟಿತು. ಗಂಡು ಹಗಲೆಲ್ಲ ರೆಕ್ಕೆಯಿಂದ ಅವಕ್ಕೆ ಗಾಳಿ ಬೀಸುತ್ತ ಕಾವಲಿದ್ದಿತು. ಸಂತೋಷವನ್ನು ತಡೆಯಲಾರದೆ ಧಾರವಾಡಕ್ಕೆ ದೂರವಾಣಿ ಮಾಡಿದೆನು. ಅವರು ಎಲ್ಲವನ್ನೂ ಕೇಳಿ, "ನೈಟ್ರೇಟು ಎಷ್ಟಿದೆ?" ಎಂದರು. ಹತ್ತು ಎಂದೆನು. "ಸರಿ ಹಾಗಾದರೆ" ಎಂದು ಹೇಳಿ, ಅಲ್ಲಿ ಹಿಡಿದಿದ್ದ ಮಳೆಯ ವಿಚಾರವನ್ನು ಆರಂಭಿಸಿದರು.