ಅಂಗಳಕ್ಕೆ ಬಂದ ಸೀಗಿ

ಕುದುರೆಯೆಂದರೆ ನಮ್ಮ ಸೊಲ್ಲಾಪುರ ಸೀಮೆಯ ಕನ್ನಡಿಗರಿಗೆ ಮೊದಲು ನೆನಪಾಗುವವು ಎರಡು. ಒಂದು, ಖಂಡೋಬನ, ಎಂದರೆ ನಮ್ಮ ಮೈಲಾರಲಿಂಗನ, ಪಟದಲ್ಲಿ ಮುಂಗಾಲೆತ್ತಿ ನಿಂತ ಬಿಳಿಯ ಕುದುರೆ. ಇನ್ನೊಂದು, ಆಷಾಢದ ವಾರಿಯಲ್ಲಿ ರಿಂಗಣದ ವೃತ್ತವನ್ನು ಸುತ್ತಿ ಓಡುವ ಮಾವುಲಿಯ ಕುದುರೆ. ಜ್ಞಾನೇಶ್ವರ ಮಹಾರಾಜರ ಪಲ್ಲಕ್ಕಿಯ ಆ ಕುದುರೆಗಳು ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ಕಾಲ್ನಡಿಗೆಯಲ್ಲಿಯೇ ಆಳಂದಿಗೆ ಹೋಗುತ್ತವೆಂಬುದು ನಮಗೊಂದು ಗುಟ್ಟಾದ ಹೆಮ್ಮೆ. ಬಾಲ್ಯದಲ್ಲಿ ತಂದೆಯವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ರಿಂಗಣ ತೋರಿಸಿದ್ದರು. ಗೊರಸಿನ ಧೂಳನ್ನು ತೆಗೆದು ನನ್ನ ಹಣೆಗೆ ಹಚ್ಚಿದ್ದರು. ಅಶ್ವವಿದ್ಯೆಯಲ್ಲಿ ನನ್ನ ಪಾಂಡಿತ್ಯ ಅರುವತ್ತು ವರ್ಷಗಳ ಕಾಲ ಅಷ್ಟಕ್ಕೇ ನಿಂತಿತ್ತು.

2022ನೆಯ ಇಸವಿಯ ಸೀಗೆ ಹುಣ್ಣಿಮೆ ಕಳೆದು ನಾಲ್ಕನೆಯ ದಿನ. ಅಕ್ಕಲಕೋಟೆ ತಾಲೂಕಿನ ನಮ್ಮ ಊರಿನಿಂದ ಬೋರಿ ನದಿಯ ಕಡೆಗೆ ಬೆಳಗಿನ ತಿರುಗಾಟಕ್ಕೆ ಹೋಗಿದ್ದೆ. ಹಾಳುಬಿದ್ದ ಇಟ್ಟಿಗೆಯ ಭಟ್ಟಿಯ ಬಳಿ ಜಾಲಿಯ ಗಿಡಕ್ಕೆ ಒರಗಿದಂತೆ ಒಂದು ಮರಿಗುದುರೆ ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ, ಬೀಳುವುದಕ್ಕೆ ಶಕ್ತಿ ಸಾಲದೆ ಉಳಿದಿತ್ತು ಎನ್ನಬೇಕು. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿತ್ತು. ಹಿಂಗಾಲಿನ ಗೊರಸಿನ ಮೇಲ್ಭಾಗದಲ್ಲಿ ತಂತಿಯೊಂದು ಚರ್ಮವನ್ನು ಕೊರೆದು ಒಳಗೆ ಇಳಿದಿತ್ತು. ಗಾಯದ ತುಂಬ ಹುಳುಗಳು. ಮೂಗಿನಿಂದ ಹಳದಿ ಸಿಂಬಳ ಸುರಿಯುತ್ತಿತ್ತು. ಯಾರದೆಂದು ಕೇಳಿದರೆ ಸುತ್ತಲಿನ ಮೂರು ವಸತಿಗಳಲ್ಲಿ ಯಾರದೂ ಅಲ್ಲ. ಮದುವೆಯ ಮೆರವಣಿಗೆಯ ಹೆಣ್ಣುಗುದುರೆ ಈದ ಮರಿಯಿರಬೇಕು, ಕುಂಟಾದ ಮೇಲೆ ಬಿಟ್ಟುಹೋಗಿರಬೇಕು ಎಂದು ಊಹಿಸಿದವರಿದ್ದರು. ಪೊಲೀಸ್ ಠಾಣೆಯಲ್ಲಿ ಬರೆಸಿಟ್ಟು, ವಾರಸುದಾರರು ಬಂದರೆ ಒಪ್ಪಿಸುವೆನೆಂದು ಸಹಿ ಮಾಡಿಕೊಟ್ಟೆ. ಯಾರೂ ಬರಲಿಲ್ಲ. ಹಸಿದ ಪ್ರಾಣಿಯನ್ನು ಹೀಗೆ ಬಿಟ್ಟುಹೋಗುವುದು 1960ರ ಕಾಯಿದೆಯಂತೆ ಅಪರಾಧವೆಂದು ಗೊತ್ತಿರುವವರು ಬರುವುದಾದರೂ ಹೇಗೆ!

ಪಶುವೈದ್ಯರು ಅದೇ ಸಂಜೆ ಬಂದರು. ನಮ್ಮ ಹಿರಿಯರು ಕುದುರೆಯ ವೈದ್ಯನನ್ನು ಸಾಲೋತ್ರಿ ಎನ್ನುತ್ತಿದ್ದರು. ಶಾಲಿಹೋತ್ರ ಮುನಿಯ ಹೆಸರೇ ಸವೆದು ಆ ಪದವಾಗಿದೆ. ಈ ತರುಣ ಸಾಲೋತ್ರಿಗಳು ಮೊದಲು ಮಾಡಿದ ಕೆಲಸ ತುಟಿಯನ್ನೆತ್ತಿ ಹಲ್ಲು ನೋಡಿದ್ದು. ಮರಿಗೆ ನಡುವಣ ಬಾಚಿಹಲ್ಲು ಸುಮಾರು ಎಂಟು ದಿನಕ್ಕೆ, ಅದರ ಪಕ್ಕದ್ದು ಎಂಟು ವಾರಕ್ಕೆ, ಮೂಲೆಯದು ಎಂಟು ತಿಂಗಳಿಗೆ ಬರುತ್ತದಂತೆ. ಮೂಲೆಯ ಹಾಲುಹಲ್ಲುಗಳು ಬಂದಿದ್ದವು. ವರ್ಷದ ಒಳಗಿನ ಹೆಣ್ಣುಮರಿಯೆಂದು ನಿಶ್ಚಯವಾಯಿತು. ತಂತಿಯನ್ನು ಕತ್ತರಿಸಿ, ಹುಳು ತೆಗೆದು, ಗಾಯ ತೊಳೆದು, ಧನುರ್ವಾಯುವಿನ ವಿರುದ್ಧ ಚುಚ್ಚುಮದ್ದು ಕೊಟ್ಟರು. ಧನುರ್ವಾಯು ಕುದುರೆಗೆ ತಗಲುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗೆ ತಗಲುವುದು ವಿರಳ. ಮೊಮ್ಮಗಳು ಆಗಲೇ ಅದಕ್ಕೆ ಸೀಗಿ ಎಂದು ಹೆಸರಿಟ್ಟಾಗಿತ್ತು.

ಆಮೇಲೆ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದರು. ಮೂಗಿನ ಸ್ರಾವ, ದವಡೆಯ ಕೆಳಗೆ ಗಂಟು. ಇದು ಗ್ಲಾಂಡರ್ಸ್ ಇರಬಹುದು; ಇರಲಿಕ್ಕಿಲ್ಲ, ಆದರೆ ಇಲ್ಲವೆನ್ನುವುದಕ್ಕೆ ರಕ್ತ ಪರೀಕ್ಷೆಯಾಗಬೇಕು. ಅದು ಮನುಷ್ಯರಿಗೂ ಅಂಟುವ, ಪ್ರಾಣಾಂತಿಕವಾದ ರೋಗ. 2009ರ ಪ್ರಾಣಿರೋಗ ನಿಯಂತ್ರಣ ಕಾಯಿದೆಯ ಪಟ್ಟಿಯಲ್ಲಿದೆ. ರೋಗವಿದೆಯೆಂದು ದೃಢವಾದರೆ ಚಿಕಿತ್ಸೆಯ ಪ್ರಶ್ನೆಯೇ ಇಲ್ಲ. ದಯಾಮರಣ ಕೊಟ್ಟು ಆಳವಾಗಿ ಹೂಳಬೇಕು. ರಕ್ತ ಹರಿಯಾಣದ ಹಿಸಾರಿಗೆ ಹೋಗಬೇಕು. 1985ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರ ಅಲ್ಲಿದೆ. ಉತ್ತರ ಬರುವ ತನಕ ಮಕ್ಕಳನ್ನು ಹತ್ತಿರ ಬಿಡಕೂಡದು, ನಾನೊಬ್ಬನೇ ಕೈಗವಸು, ಮುಖಗವಸು ಹಾಕಿಕೊಂಡು ನೋಡಿಕೊಳ್ಳಬೇಕು.

ಮನೆಯಲ್ಲಿ ಇದನ್ನು ಹೇಳಿದಾಗ ಮಡದಿ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಎತ್ತಿಕೊಂಡು ಬಂದಾಗಿದೆ. ಈಗ ಕೇಳಿದರೇನು?” ಎಂದು ನನ್ನ ಪಾತ್ರೆ, ಪಂಚೆಗಳನ್ನು ಬೇರೆಯಿಟ್ಟಳು. ಮೊಮ್ಮಗಳು ಬೇಲಿಯಾಚೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಕಲ್ಲಿನ ಮೇಲೆ ಕುಳಿತು ಶಾಲೆಯ ಪಾಠಗಳನ್ನೆಲ್ಲ ಸೀಗಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದಳು. ಮರಾಠಿ ಪಾಠ ಓದುವಾಗ ಅದು ಕಿವಿ ನಿಮಿರಿಸುವುದಿಲ್ಲ, ಕನ್ನಡ ಓದಿದರೆ ನಿಮಿರಿಸುತ್ತದೆ ಎಂಬುದು ಅವಳ ಸಂಶೋಧನೆ. ಕನ್ನಡ ಮಾಸ್ತರನಾಗಿದ್ದ ನಾನು ಅದನ್ನು ಅಲ್ಲಗಳೆಯಲು ಹೋಗಲಿಲ್ಲ.

ಹಸಿದವರಿಗೆ ಹೊಟ್ಟೆತುಂಬ ಉಣಬಡಿಸುವುದೇ ಧರ್ಮವೆಂದು ನಂಬಿ ಬೆಳೆದವರು ನಾವು. ಕುದುರೆಯ ವಿಷಯದಲ್ಲಿ ಅದು ಅಧರ್ಮ. ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಕಾಳುಕಡಿಯ ಪಿಷ್ಟ ಬಿದ್ದರೆ, ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಮ್, ಮೆಗ್ನೀಸಿಯಮ್ ಲವಣಗಳು ಜೀವಕೋಶಗಳೊಳಗೆ ಧುಮುಕಿ, ರಕ್ತ ಬರಿದಾಗಿ ಹೃದಯ ನಿಲ್ಲಬಹುದು. ಹೊಟ್ಟೆಗಿಲ್ಲದೆ ಬದುಕಿದ್ದು ಹೊಟ್ಟೆ ತುಂಬಿ ಸಾಯುವುದು ಹೀಗೆ. ಆದ್ದರಿಂದ ಒಣಗಿಸಿದ ಕುದುರೆ ಮಸಾಲೆ ಸೊಪ್ಪು, ನಮ್ಮ ಕಡೆಯವರು ಲಸೂಣ ಘಾಸ ಎನ್ನುವುದು, ನಾಲ್ಕು ತಾಸಿಗೊಮ್ಮೆ ಇನ್ನೂರು ಗ್ರಾಮಿನಂತೆ, ಹಗಲಿರುಳು ಆರು ಸಲ. ಅದರಲ್ಲಿ ಪಿಷ್ಟ ಕಡಿಮೆ, ಬೇಕಾದ ಲವಣಗಳು ಹೆಚ್ಚು. ದರ್ಜಿಯ ಟೇಪಿನಿಂದ ಎದೆಯ ಸುತ್ತಳತೆ ತೆಗೆದು ವೈದ್ಯರು ಅಂದಾಜಿಸಿದ ತೂಕ ಸುಮಾರು 120 ಕಿಲೋ. 1983ರಲ್ಲಿ ಹೆನ್ನೆಕೆ ಎಂಬವರು ಕುದುರೆಯ ಮೈಕಟ್ಟಿಗೆ ಒಂದರಿಂದ ಒಂಬತ್ತರ ತನಕ ಅಂಕ ಕೊಡುವ ಕ್ರಮವನ್ನು ರೂಪಿಸಿದ್ದಾರಂತೆ. ಸೀಗಿಗೆ ಸಿಕ್ಕಿದ್ದು ಒಂದು. ನನ್ನ ವೃತ್ತಿಯಲ್ಲಿ ಎಷ್ಟೋ ಮಕ್ಕಳಿಗೆ ಅಂಕ ಕೊಟ್ಟಿದ್ದೇನೆ. ಈ ಒಂದು ಅಂಕದಷ್ಟು ಯಾವುದೂ ಮನಸ್ಸಿಗೆ ನಾಟಿರಲಿಲ್ಲ.

ಇನ್ನು ನನ್ನ ತಪ್ಪನ್ನು ಹೇಳಿಕೊಳ್ಳಲೇಬೇಕು. ಹನ್ನೆರಡು ದಿನ ಎಲ್ಲವೂ ನೆಟ್ಟಗೆ ನಡೆಯಿತು. ಹದಿಮೂರನೆಯ ಸಂಜೆ ಅದು ನನ್ನ ಮೊಳಕೈಯನ್ನು ಮೂತಿಯಿಂದ ತಳ್ಳಿ ಇನ್ನಷ್ಟು ಬೇಡಿತು. ನನಗೆ ತಡೆಯಲಾಗಲಿಲ್ಲ. ಯಾರಿಗೂ ತಿಳಿಯದಂತೆ ಜೋಳದ ನುಚ್ಚು ಕುದಿಸಿ, ಬೆಲ್ಲ ಬೆರೆಸಿ, ಒಂದು ಬುಟ್ಟಿ ತಿನ್ನಿಸಿದೆ. ರಾತ್ರಿ ಹನ್ನೊಂದರ ಹೊತ್ತಿಗೆ ನೆಲ ಕೆರೆಯುವ ಸದ್ದಾಯಿತು. ದೀಪ ಹಿಡಿದು ನೋಡಿದರೆ ಸೀಗಿ ತನ್ನ ಪಕ್ಕೆಯನ್ನೇ ತಿರುತಿರುಗಿ ನೋಡಿಕೊಳ್ಳುತ್ತಿದೆ, ಮಲಗುತ್ತದೆ, ಏಳುತ್ತದೆ, ಉರುಳುತ್ತದೆ, ಮೈಯೆಲ್ಲ ಬೆವರು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ನುಂಗಿದ್ದನ್ನು ಹಿಂದಕ್ಕೆ ಕಳುಹಿಸುವ ಮಾರ್ಗವೇ ಅದರ ದೇಹದಲ್ಲಿಲ್ಲ. ವೈದ್ಯರಿಗೆ ಫೋನು ಮಾಡಿ ನಿಜ ಹೇಳುವಾಗ ನನ್ನ ನಾಲಿಗೆ ತೊದಲಿತು. ಅವರು ಬಯ್ಯಲಿಲ್ಲ. “ಉರುಳಲು ಬಿಡಬೇಡಿ, ನಿಧಾನವಾಗಿ ನಡೆಸಿರಿ, ಬರುತ್ತೇನೆ” ಎಂದಷ್ಟೇ ಹೇಳಿದರು. ಎರಡು ತಾಸು ಆ ಕುಂಟುವ ಕಾಲನ್ನು ನಾನು ಅಂಗಳದಲ್ಲಿ ತಿರುಗಿಸಿದೆ. ಮಡದಿ ಬೇಲಿಯ ಹೊರಗೆ ಲಾಟೀನು ಹಿಡಿದು ನನ್ನ ಜತೆಗೇ ಸುತ್ತಿದಳು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ವೈದ್ಯರು ಬಂದು ನೋವಿನ ಚುಚ್ಚುಮದ್ದು ಕೊಟ್ಟು, ಮೂಗಿನ ಮೂಲಕ ಜಠರಕ್ಕೆ ನಳಿಕೆ ಇಳಿಸಿ, ಲಿಕ್ವಿಡ್ ಪ್ಯಾರಾಫಿನ್ ಎಣ್ಣೆ ಹೊಯ್ದರು. ಪಕ್ಕೆಗೆ ಕಿವಿಗೊಳವೆಯಿಟ್ಟು ಆಲಿಸಿ, “ಇನ್ನೂ ಸದ್ದಿಲ್ಲ” ಎಂದರು. ಕರುಳು ಗುಡುಗುಟ್ಟುವುದನ್ನು ಕೇಳಲು ಮೂವರು ಮನುಷ್ಯರು ಇಡೀ ರಾತ್ರಿ ಕಾದೆವು. ಬೆಳ್ಳಿ ಮೂಡುವ ಹೊತ್ತಿಗೆ ಸೀಗಿ ಲದ್ದಿ ಹಾಕಿತು. ಮುತ್ತು ಸುರಿದಂತಾಯಿತು ಎಂದರೆ ಪಟ್ಟಣದ ಓದುಗರು ಮೂಗು ಮುರಿಯಬಹುದು. ಆ ರಾತ್ರಿ ಅಲ್ಲಿದ್ದಿದ್ದರೆ ಮುರಿಯುತ್ತಿರಲಿಲ್ಲ.

ಆ ನಡುವೆ ದವಡೆಯ ಗಂಟು ತಾನಾಗಿ ಹಣ್ಣಾಗಿ ಒಡೆದು ಕೀವು ಹರಿಯಿತು. ಅದು ಎಳೆಯ ಕುದುರೆಗಳಿಗೆ ಬರುವ ಸ್ಟ್ರಾಂಗಲ್ಸ್ ಎಂಬ ಬೇರೊಂದು ರೋಗದ ಲಕ್ಷಣವೆಂದು ವೈದ್ಯರ ಮುಖದಲ್ಲಿ ಸ್ವಲ್ಪ ಕಳೆ ಬಂದಿತು. ಆದರೂ ಹಿಸಾರಿನ ಕಾಗದ ಬರುವ ತನಕ ನೆಮ್ಮದಿಯಿಲ್ಲ. ಅದು ಬಂದದ್ದು ನಾಲ್ಕನೆಯ ವಾರದಲ್ಲಿ: ಗ್ಲಾಂಡರ್ಸ್ ಇಲ್ಲ. ಮೊಮ್ಮಗಳಿಗೆ ಹೇಳಿದ್ದೇ ತಡ, ಬೇಲಿ ದಾಟಿ ಓಡಿದವಳು ಮರಿಯ ಎದುರಿಗೆ ಹೋಗಿ ಗಕ್ಕನೆ ನಿಂತುಬಿಟ್ಟಳು. ಅಷ್ಟು ದಿನ ದೂರದಿಂದ ಓದಿ ಹೇಳಿದವಳಿಗೆ ಮುಟ್ಟುವುದಕ್ಕೆ ನಾಚಿಕೆಯಾಯಿತೋ ಏನೋ. ಆ ವರ್ಷದ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲು ಹೋದಾಗ ಸೀಗಿ ನಮ್ಮ ಹಿಂದೆ ಕುಂಟದೆ ನಡೆದು ಬಂದಿತು.

ಮುಂದಿನದು ತಾಳ್ಮೆಯ ಕೆಲಸ. ಹಗ್ಗ ಕಂಡರೆ ನಡುಗುತ್ತಿತ್ತು, ತಂತಿಯ ನೆನಪು. ಕುದುರೆಗೆ ಹಣೆಯ ನೇರ ಮುಂದಿನದೂ ಬಾಲದ ನೇರ ಹಿಂದಿನದೂ ಕಾಣುವುದಿಲ್ಲ, ಹೆಗಲಿನ ಕಡೆಯಿಂದ ಹೋಗಬೇಕು. ಅದು ಹೆದರದೆ ಒಂದು ಕ್ಷಣ ನಿಂತರೆ ನಾವೇ ಹಿಂದಕ್ಕೆ ಸರಿಯಬೇಕು. ನಾವು ಸರಿಯುವುದೇ ಅದಕ್ಕೆ ಬಹುಮಾನ. ಹಗ್ಗವನ್ನು ಮೈಗೆ ಮುಟ್ಟಿಸಲು ಹದಿನೇಳು ದಿನ, ಕಾಲೆತ್ತಿಸಲು ಒಂದು ತಿಂಗಳು ಹಿಡಿಯಿತು.

ಇಟ್ಟುಕೊಳ್ಳಬಹುದಾಗಿತ್ತಲ್ಲ ಎಂದು ಹಲವರು ಕೇಳಿದ್ದಾರೆ. ಇಟ್ಟುಕೊಳ್ಳುವ ಆಸೆಯೇ ನನಗೂ ಇತ್ತು. ಫೆಬ್ರವರಿಯ ಒಂದು ರಾತ್ರಿ ರಸ್ತೆಯಲ್ಲಿ ಮದುವೆಯ ಮೆರವಣಿಗೆ ಹೋಯಿತು. ವರನನ್ನು ಹೊತ್ತ ಹೆಣ್ಣುಗುದುರೆಯೊಂದು ಕೆನೆಯಿತು. ಸೀಗಿ ನಾವು ಅದುವರೆಗೆ ಕೇಳಿರದ ದನಿಯಲ್ಲಿ ಉತ್ತರ ಕೊಟ್ಟು, ಬೇಲಿಯುದ್ದಕ್ಕೂ ಓಡಿ, ಬಾಜಾ ಸದ್ದು ಅಡಗಿದ ಮೇಲೂ ಮೂಲೆಯಲ್ಲಿ ಕಿವಿ ನಿಮಿರಿಸಿ ನಿಂತಿತು. ಜತೆಗೆಂದು ಕಟ್ಟಿದ್ದ ಮೇಕೆಯ ಕಡೆ ಬೆಳಗಿನ ತನಕ ತಿರುಗಿ ನೋಡಲಿಲ್ಲ. ಅದು ಹಿಂಡಿನ ಪ್ರಾಣಿ. ನಾವು ಎಷ್ಟು ಮುದ್ದಿಸಿದರೂ ನಾವು ಕುದುರೆಗಳಲ್ಲ.

ಮನೆ ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಮದುವೆಯ ಕುದುರೆಗಳನ್ನು ಬಾಡಿಗೆಗೆ ಬಿಡುವವರೊಬ್ಬರು ನಲವತ್ತು ಸಾವಿರ ಎಣಿಸಲು ಸಿದ್ಧರಿದ್ದರು. ಔಷಧಿ, ಮೇವಿಗೆಂದು ಪಿಂಚಣಿಯಿಂದ ಅಷ್ಟೇ ಹೋಗಿತ್ತು, ಆಸೆಯಾಗಲಿಲ್ಲವೆಂದರೆ ಸುಳ್ಳು. ಬರುವ ಮದುವೆಯ ಕಾಲಕ್ಕೇ ಮೇಲೆ ಕೂರಿಸುವುದಾಗಿ ಅವರು ಹೇಳಿದರು. ಅಷ್ಟರಲ್ಲಿ ಅದಕ್ಕೆ ಎರಡು ವರ್ಷವೂ ತುಂಬಿರುವುದಿಲ್ಲ. ಕಾಲಿನ ಎಲುಬುಗಳ ತುದಿ ಇನ್ನೂ ಗಟ್ಟಿಗೊಳ್ಳದ ವಯಸ್ಸು, ಬೆನ್ನೆಲುಬು ಮಾಗುವುದು ಐದು ವರ್ಷ ದಾಟಿದ ಮೇಲೆಯೇ. ಇನ್ನೊಬ್ಬರು ಮಗನ ಹುಟ್ಟುಹಬ್ಬಕ್ಕೆಂದು ಕೇಳಿದರು. ಮೂರನೆಯವರು ಭೀಮಾ ದಂಡೆಯ ಒಬ್ಬ ರೈತ. ಅವರ ಬಳಿ ಇಪ್ಪತ್ತು ದಾಟಿದ ಮುದಿ ಹೆಣ್ಣುಗುದುರೆಯೊಂದಿತ್ತು; ಗಿಡ್ಡ ಮೈಕಟ್ಟಿನ ಭೀಮಥಡಿ ಜಾತಿಯದೆಂದು ಅವರು ಹೇಳುತ್ತಿದ್ದರು. ಬೆಲೆ ಕೇಳುವ ಮೊದಲೇ ಅವರು, “ಇದು ಯಾತಕ್ಕ ಅಂಜತೈತ್ರಿ?” ಎಂದು ಕೇಳಿದರು. ಹಗ್ಗಕ್ಕೆ ಎಂದೆ. ಬಗಲಲ್ಲಿದ್ದ ಹಗ್ಗವನ್ನು ಬಂಡಿಯಲ್ಲಿಟ್ಟು ಬರಿಗೈಯಲ್ಲಿ ಒಳಗೆ ಬಂದರು.

2023ರ ಕಾರ ಹುಣ್ಣಿಮೆ ಕಳೆದ ವಾರ ಒಪ್ಪಿಸಿದೆ. ಮೂರು ವರ್ಷ ತುಂಬುವ ತನಕ ಬೆನ್ನೇರಕೂಡದು, ಸಾಕಲಾಗದಿದ್ದರೆ ನನಗೇ ಮರಳಿಸಬೇಕು, ಮಾರಕೂಡದು ಎಂದು ಕಾಗದದ ಮೇಲೆ ಬರೆದುಕೊಂಡೆವು. ಒಂದೂಕಾಲು ರೂಪಾಯಿ, ಒಂದು ತೆಂಗಿನಕಾಯಿ ತೆಗೆದುಕೊಂಡೆ. ಮೊಮ್ಮಗಳು ಅದರ ಹಣೆಗೆ ಕೆಮ್ಮಣ್ಣಿನ ಬೊಟ್ಟಿಟ್ಟು ಒಳಗೆ ಹೋದವಳು ವಾಹನ ಹೊರಡುವಾಗ ಬರಲಿಲ್ಲ. ಮೇಕೆ ಎರಡು ದಿನ ಮೇವು ಬಿಟ್ಟಿತು.

ಸೀಗೆ ಹುಣ್ಣಿಮೆಗೆ ನಾವು ಮೂವರೂ ಭೀಮಾ ದಂಡೆಗೆ ಹೋದೆವು. ಕಬ್ಬಿನ ಪಡೆಯ ಆಚೆ ಮುದಿಯದೂ ಎಳೆಯದೂ ಪಕ್ಕಪಕ್ಕಕ್ಕೆ ಮೇಯುತ್ತಿದ್ದವು. ಮೊಮ್ಮಗಳು ಕೂಗಿದಾಗ ಸೀಗಿ ತಲೆಯೆತ್ತಿ ನೋಡಿತು, ಕಿವಿ ನಿಮಿರಿತು, ಮತ್ತೆ ತಲೆ ತಗ್ಗಿಸಿ ಮೇಯತೊಡಗಿತು. ಸ್ವಲ್ಪ ಹೊತ್ತಾದ ಮೇಲೆ ಮುದಿ ಕುದುರೆ ಇತ್ತ ನಡೆದಾಗ ತಾನೂ ಹಿಂದೆ ಬಂದು ಹುಡುಗಿಯ ಜಡೆ ಮೂಸಿತು. ನಾನು ಚೀಲದಿಂದ ಬೆಲ್ಲದ ಅಚ್ಚೊಂದನ್ನು ತೆಗೆದೆ. ರೈತರು ನಕ್ಕು, “ಮಾಸ್ತರ, ಇದಕ್ಕ ಡಾಕ್ಟರ ಸಾಹೇಬ್ರ ಅಪ್ಪಣಿ ಐತೇನ್ರಿ?” ಎಂದರು. ಮಡದಿ ನನ್ನ ಕೈಯಿಂದ ಅಚ್ಚನ್ನು ತೆಗೆದುಕೊಂಡು, ಹೆಬ್ಬೆರಳಿನಷ್ಟು ಮುರಿದು, ಉಳಿದದ್ದನ್ನು ಚೀಲದೊಳಗೆ ಹಾಕಿ ಗಂಟು ಕಟ್ಟಿದಳು.