ಮುಚ್ಚಳ ತೆಗೆಯದ ಕ್ಯಾಮೆರಾ

ಎರಡು ತಿಂಗಳ ಹಿಂದೆ ಮೈಸೂರಿಗೆ ಹೋಗಿದ್ದಾಗ, ಹಳೆಯ ಗಡಿಯಾರ, ರೇಡಿಯೋಗಳನ್ನು ಮಾರುವ ಪುಟ್ಟ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಯಾಶಿಕಾ ಎಲೆಕ್ಟ್ರೋ 35 ಕ್ಯಾಮೆರಾವನ್ನು ಕಂಡೆ. ಬೆಲೆ ಎಂಟು ಸಾವಿರ ರೂಪಾಯಿ. ಕೊಳ್ಳಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಆ ಯೋಚನೆ ನನ್ನನ್ನು ಎಲ್ಲಿಗೆ ಕರೆದೊಯ್ಯಿತೆಂಬುದನ್ನು ನಿಮ್ಮೆಲ್ಲರ ಮುಂದೆ, ವಿಶೇಷವಾಗಿ 1988ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ನನ್ನ ವಿದ್ಯಾರ್ಥಿಗಳ ಮುಂದೆ, ಹೇಳಿಕೊಳ್ಳಬೇಕಾಗಿದೆ.

1966ರಲ್ಲಿ ಜಪಾನಿನಲ್ಲಿ ಮೊದಲು ತಯಾರಾದ ಈ ಕ್ಯಾಮೆರಾ ರೇಂಜ್‌ಫೈಂಡರ್ ಜಾತಿಯದು. ಇದರಲ್ಲಿ ನಾವು ಮಸೂರದ ಮೂಲಕ ನೋಡುವುದಿಲ್ಲ. ಅದರ ಮೇಲಿರುವ ಬೇರೊಂದು ಕಿಂಡಿಯ ಮೂಲಕ ನೋಡುತ್ತೇವೆ. ಕಿಂಡಿಯ ನಡುವಿನ ಚಿಕ್ಕ ಮಚ್ಚೆಯಲ್ಲಿ ಬಿಂಬ ಎರಡಾಗಿ ಕಾಣುತ್ತದೆ. ಮಸೂರದ ಉಂಗುರವನ್ನು ತಿರುಗಿಸಿ ಎರಡನ್ನೂ ಒಂದಾಗಿಸಿದರೆ ದೂರ ಸರಿಹೊಂದಿತೆಂದು ಅರ್ಥ. ಇದರಲ್ಲೊಂದು ಅಪಾಯವಿದೆ. ಮಸೂರಕ್ಕೆ ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ!

1987ರ ಡಿಸೆಂಬರಿನಲ್ಲಿ ನಿಮ್ಮನ್ನು ಬೇಲೂರು, ಹಳೇಬೀಡಿಗೆ ಪ್ರವಾಸ ಕರೆದೊಯ್ದಾಗ, ಸಹೋದ್ಯೋಗಿಯೊಬ್ಬರಿಂದ ಇದೇ ಮಾದರಿಯ ಕ್ಯಾಮೆರಾವನ್ನು ಎರವಲು ಪಡೆದಿದ್ದೆ. ಧೂಳು ಕೂರದಿರಲೆಂದು ಆಗಾಗ ಮುಚ್ಚಳ ಹಾಕುತ್ತಿದ್ದೆ. ಹೊಯ್ಸಳೇಶ್ವರ ದೇವಾಲಯದ ನಂದಿಮಂಟಪದ ಮುಂದೆ ನಿಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ, ಎರಡು ಬಿಂಬಗಳನ್ನು ಒಂದಾಗಿಸಿ, ನಾಲ್ಕು ಬಾರಿ ಗುಂಡಿ ಒತ್ತಿದೆ. ಬೆಳಕನ್ನು ಅಳೆಯುವ ಕಣ್ಣೂ ಮಸೂರದ ಹೊರಗೇ ಇದ್ದುದರಿಂದ ಎಚ್ಚರಿಕೆಯ ದೀಪವೂ ಹೊತ್ತಲಿಲ್ಲ.

ಸ್ಟುಡಿಯೋದಿಂದ ಫಿಲ್ಮ್ ತೊಳೆದು ಬಂದಾಗ ಕೊನೆಯ ನಾಲ್ಕು ಚೌಕಗಳು ಬರಿದಾಗಿದ್ದವು. ತಪ್ಪು ಯಾರದೆಂದು ಆ ಕ್ಷಣವೇ ತಿಳಿಯಿತು. ಆದರೆ ತರಗತಿಯಲ್ಲಿ ನಾನು ಹೇಳಿದ್ದೇನು? "ಸ್ಟುಡಿಯೋದವರ ಅಜಾಗರೂಕತೆಯಿಂದ ಫಿಲ್ಮಿಗೆ ಬೆಳಕು ತಗುಲಿ ಹಾಳಾಯಿತು" ಎಂದೆ. ಬೆಳ್ಳಿಯ ಬ್ರೋಮೈಡ್ ಬೆಳಕಿಗೆ ಕಪ್ಪಾಗುತ್ತದೆಂದು ಅದೇ ವರ್ಷ ನಿಮಗೆ ಪಾಠ ಹೇಳಿದವನು ನಾನೇ. ಬೆಳಕು ತಗುಲಿದ್ದರೆ ನೆಗೆಟಿವ್ ಕಪ್ಪಾಗಿರಬೇಕಿತ್ತು; ಅದು ಪಾರದರ್ಶಕವಾಗಿತ್ತು. ನಿಮ್ಮಲ್ಲೊಬ್ಬರು "ನೆಗೆಟಿವ್ ತೋರಿಸಿ ಸಾರ್" ಎಂದಿದ್ದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಯಾರೂ ಕೇಳಲಿಲ್ಲ. ಮೇಷ್ಟ್ರ ಮಾತನ್ನು ನಂಬಿದಿರಿ.

ಎರಡು ವರ್ಷಗಳ ಬಳಿಕ ನಿಮ್ಮ ತರಗತಿಯ ಹುಡುಗನೊಬ್ಬ ಲಾರಿ ಅಪಘಾತದಲ್ಲಿ ತೀರಿಕೊಂಡ. ಯಾರೆಂದು ನಿಮಗೆ ಗೊತ್ತು. ಒಂದು ದಿನ ಅವನ ತಾಯಿ ಶಾಲೆಗೆ ಬಂದು, "ಮೇಷ್ಟ್ರೇ, ಪ್ರವಾಸದಲ್ಲಿ ತೆಗೆದ ಪಟದಲ್ಲಿ ನನ್ನ ಮಗ ಇದ್ದಾನಂತಲ್ಲ, ಒಂದು ಕೊಡ್ತೀರಾ?" ಎಂದು ಕೇಳಿದರು. ಆಕೆಗೂ ನಾನು ಸ್ಟುಡಿಯೋದ ಕಥೆಯನ್ನೇ ಹೇಳಿದೆ. ಆಕೆ ಕೈಮುಗಿದು ಹೊರಟುಹೋದರು.

ಕ್ಯಾಮೆರಾ ಕೊಳ್ಳುವುದರಲ್ಲಿ ತೊಡಕುಗಳೇನೋ ಇದ್ದವು. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿ ಈಗ ತಯಾರಾಗುತ್ತಿಲ್ಲ. ಬೇರೆ ಬ್ಯಾಟರಿಯನ್ನು ಅಡಾಪ್ಟರ್ ಹಾಕಿ ಕೂರಿಸಬೇಕು. ಬೆಳಕು ನುಸುಳದಂತೆ ಹಿಂಬಾಗಿಲಿಗೆ ಅಂಟಿಸಿದ ಸ್ಪಂಜು ಪುಡಿಯಾಗಿರುತ್ತದೆ. ಮೂವತ್ತಾರು ಚಿತ್ರಗಳಿಗಾಗಿ ಫಿಲ್ಮಿಗೂ ತೊಳೆಸುವುದಕ್ಕೂ ನೂರಾರು ರೂಪಾಯಿ ತೆರಬೇಕು. ಇಷ್ಟಾದರೂ ಕಳೆದ ವಾರ ಹಣ ಹಿಡಿದುಕೊಂಡೇ ಹೋದೆ. ಕ್ಯಾಮೆರಾವನ್ನು ಕಣ್ಣಿಗಿಟ್ಟು, ಎದುರಿನ ಅಂಗಡಿಯ ಫಲಕದ ಮಂಕಾದ ಬಿಂಬಗಳೆರಡನ್ನೂ ಪ್ರಯಾಸದಿಂದ ಒಂದಾಗಿಸಿದೆ. ಅಂಗಡಿಯ ಹುಡುಗ ನಕ್ಕು, "ಸಾರ್, ಮುಚ್ಚಳ ತೆಗೆದೇ ಇಲ್ಲ" ಎಂದ.

ನಾನು ಕ್ಯಾಮೆರಾವನ್ನು ಕೆಳಗಿಟ್ಟೆ. ಅದರಿಂದ ಎಷ್ಟು ಚಿತ್ರ ತೆಗೆದರೂ ಆ ನಾಲ್ಕು ಚೌಕಗಳು ತುಂಬುವುದಿಲ್ಲವೆಂದು ತಿಳಿದು ಬರಿಗೈಯಲ್ಲಿ ಹಿಂದಿರುಗಿದೆ.

ಪ್ರಿಯ ವಿದ್ಯಾರ್ಥಿಗಳೇ, ತಪ್ಪು ಸ್ಟುಡಿಯೋದವರದಲ್ಲ, ನನ್ನದು. ತಡವಾಗಿಯಾದರೂ ಕ್ಷಮೆ ಕೋರುತ್ತೇನೆ. ನಿಮ್ಮಲ್ಲಿ ಯಾರ ಬಳಿಯಾದರೂ, ಯಾವುದೋ ಮದುವೆಯ ಅಥವಾ ಊರಹಬ್ಬದ ಹಳೆಯ ಫೋಟೋದ ಮೂಲೆಯಲ್ಲಾದರೂ, ಆ ಹುಡುಗ ಇದ್ದರೆ ದಯವಿಟ್ಟು ನನಗೆ ಕಳುಹಿಸಿಕೊಡಿ. ಅವನ ತಾಯಿ ಈಗಲೂ ಅದೇ ಮನೆಯಲ್ಲಿದ್ದಾರೆ. ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಾನೇ ಹೋಗಿ ಕೊಟ್ಟುಬರುತ್ತೇನೆ. ಆಕೆಗೂ ನಿಜ ಹೇಳಬೇಕಾಗಿದೆ. ಕ್ಯಾಮೆರಾಗೆಂದು ತೆಗೆದಿಟ್ಟ ಎಂಟು ಸಾವಿರ ಹಾಗೆಯೇ ಇದೆ.